ಏಣಿಯ ಕೊನೆಯ ಮೆಟ್ಟಿಲು

ಆಫೀಸಿನಲ್ಲಿ ಎಲ್ಲರೂ ಅವಳನ್ನು ಏಣಿಯಮ್ಮ ಎಂದೇ ಕರೆಯುತ್ತಿದ್ದರು. ಎತ್ತರದ ಆಳೇನಲ್ಲ, ಕಪಾಟಿನ ಮೇಲಿನ ಅರೆಯಿಂದ ಏನಾದರೂ ತೆಗೆಯಬೇಕಾದರೆ ಇನ್ನೊಬ್ಬರ ಮುಖ ನೋಡಬೇಕಾಗಿತ್ತು. ಏಣಿ ಎನ್ನುವುದು ಅವಳ ಕೆಲಸದ ಹೆಸರು. ಆ ಕಂಪನಿ ಬೇರೆ ಬೇರೆ ಕಸುಬಿನವರಿಗೆ ವಿಡಿಯೊದಲ್ಲಿ ನೇರವಾಗಿ ಪಾಠ ಪ್ರಸಾರ ಮಾಡುತ್ತಿತ್ತು. ಪಾಠ ಒಂದೇ, ನೋಡುವವರು ನೂರೆಂಟು ಬಗೆ. ಒಬ್ಬರ ಮನೆಯಲ್ಲಿ ಗೋಡೆಯಗಲದ ಟೀವಿ, ಇನ್ನೊಬ್ಬರ ಕೈಯಲ್ಲಿ ಗಾಜು ಬಿರುಕುಬಿಟ್ಟ ಫೋನು. ಒಬ್ಬರಿಗೆ ನೆಟ್‌ವರ್ಕ್ ಧೋ ಎಂದು ಸುರಿಯುತ್ತದೆ, ಇನ್ನೊಬ್ಬರಿಗೆ ಕೆಟ್ಟ ನಲ್ಲಿಯ ಹಾಗೆ ತೊಟ್ಟು ತೊಟ್ಟಾಗಿ ಬೀಳುತ್ತದೆ. ಹಾಗಾಗಿ ಒಂದೇ ಪಾಠವನ್ನು ಆರು ಬಗೆಯಲ್ಲಿ ಏಕಕಾಲಕ್ಕೆ ಕಳಿಸುತ್ತಿದ್ದರು. ಎಲ್ಲಕ್ಕಿಂತ ಮೇಲಿನದರಲ್ಲಿ ಪಾಠ ಹೇಳುವವರ ಹುಬ್ಬಿನ ಕೂದಲು ಎಣಿಸಬಹುದು. ಎಲ್ಲಕ್ಕಿಂತ ಕೆಳಗಿನದು ಹೇಗೋ ಉಸಿರು ಹಿಡಿದುಕೊಂಡು ಬರುವಂಥದು. ನೋಡುವವರ ಫೋನು ನಾಲ್ಕು ಸೆಕೆಂಡಿಗೊಮ್ಮೆ ತನಗೆ ಎಷ್ಟು ಸಿಗುತ್ತಿದೆ ಎಂದು ಅಂದಾಜು ಮಾಡಿ, ತಾನೇ ಒಂದು ಮೆಟ್ಟಿಲು ಹತ್ತುತ್ತದೆ, ಇಲ್ಲವೆ ಇಳಿಯುತ್ತದೆ. ಆ ಆರು ಮೆಟ್ಟಿಲುಗಳು ಹೇಗಿರಬೇಕು, ಒಂದೊಂದರಲ್ಲಿ ಏನನ್ನು ಉಳಿಸಿ ಏನನ್ನು ಕೈಬಿಡಬೇಕು ಎಂದು ನೋಡಿಕೊಳ್ಳುವುದು ಅವಳ ಪಾಲಿನದು.

ಈ ಕೆಲಸವನ್ನು ಅವಳು ಕಲಿತದ್ದು ಸಂಜೆ ಕ್ಲಾಸಿನಲ್ಲಿ. ಹಗಲೆಲ್ಲ ಚಪ್ಪಲಿ ಅಂಗಡಿಯಲ್ಲಿ ಗಿರಾಕಿಗಳ ಕಾಲ ಬಳಿ ಕೂತು, ಸಂಜೆ ಆರಕ್ಕೆ ಬೆಂಚಿನ ಮೇಲೆ ಕೂತು, ನಾಲ್ಕು ವರ್ಷ ಹೀಗೇ ಸಾಗಿಸಿದ್ದಳು. ಕೆಲಸ ಸಿಕ್ಕಿ ಮೂರು ವರ್ಷವಾದರೂ ತಾನು ಯಾರದೋ ಕುರ್ಚಿಯಲ್ಲಿ ಕೂತಿದ್ದೇನೆ, ಇನ್ನೇನು ಅವರು ಬಂದು ‘ಏಳಮ್ಮ’ ಅನ್ನುತ್ತಾರೆ ಎಂಬ ಅಳುಕು ಹೋಗಿರಲಿಲ್ಲ. ಒಂದು ಕೆಲಸವನ್ನು ಮೂರು ಸಲ ಪರೀಕ್ಷಿಸುವುದು ಅವಳ ಜಾಯಮಾನ. ಹೊಸದಾಗಿ ಏನು ಮಾಡಿದರೂ ಹಳೇ ಫೋನುಗಳ ಕಪಾಟಿನಿಂದ (ಆಫೀಸಿನವರ ಬಾಯಲ್ಲಿ ಅದು ವೃದ್ಧಾಶ್ರಮ) ಒಂದನ್ನು ಎತ್ತಿಕೊಂಡು ಲಿಫ್ಟಿನೊಳಗೆ ನಿಲ್ಲುವಳು. ಆ ಲಿಫ್ಟು ಕಬ್ಬಿಣದ ಪೆಟ್ಟಿಗೆ. ಎರಡನೇ ಮಹಡಿ ದಾಟುತ್ತಿದ್ದಂತೆ ನೆಟ್‌ವರ್ಕ್ ಪಾತಾಳಕ್ಕೆ ಇಳಿಯುತ್ತಿತ್ತು. ಅಲ್ಲಿ ಮೇಲೆ ಕೆಳಗೆ ಓಡಾಡುತ್ತ, ಕೈಯಲ್ಲಿದ್ದ ಪಟ್ಟಿಯಲ್ಲಿ ಗುರುತು ಹಾಕುವಳು. ಕೊನೆಯ ಮೆಟ್ಟಿಲಿನ ಮುಂದೆ ಅವಳದೇ ಅಕ್ಷರದಲ್ಲಿ ಒಂದು ಸಾಲಿತ್ತು: ‘ಮಾತು ಸ್ಪಷ್ಟವಾಗಿ ಕೇಳಿಸಿದರೆ ಪಾಸು.’

ಮೂರು ವರ್ಷದಲ್ಲಿ ಆ ಸಾಲಿನ ಮುಂದೆ ಅವಳು ಎಷ್ಟು ಸಲ ಗುರುತು ಹಾಕಿದ್ದಳೋ ಅವಳಿಗೇ ನೆನಪಿಲ್ಲ.

ಆ ಭಾನುವಾರ ಅಕ್ಕ, ಭಾವ ಅವಳ ಮನೆಗೆ ಬಂದಿದ್ದರು. ಅಕ್ಕನಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಅಕ್ಕತಂಗಿಯರ ಮಾತೆಲ್ಲ ಕೈಯಲ್ಲಿ, ಮುಖದಲ್ಲಿ, ಹುಬ್ಬಿನಲ್ಲಿ. ಮೌನವಾಗಿರುತ್ತದೆ ಎಂದುಕೊಂಡವರು ಬಂದು ನೋಡಬೇಕು: ಮೇಜು ಗುದ್ದುವುದೇನು, ನೆಲ ತುಳಿಯುವುದೇನು, ಕೆಳಗಿನ ಮನೆಯವರು ಎರಡು ಸಲ ಮೇಲೆ ಬಂದು ‘ಏನಾದ್ರೂ ಬಿತ್ತಾ?’ ಎಂದು ಕೇಳಿದ್ದರು. ಅಕ್ಕ ತಂಗಿಗೆ ಚಿಕ್ಕಂದಿನಲ್ಲೇ ಒಂದು ಹೆಸರಿಟ್ಟಿದ್ದಳು. ಬಾಯಲ್ಲಿ ಹೇಳುವ ಹೆಸರಲ್ಲ. ಗಾಳಿಯಲ್ಲಿ ಕೀಲಿಕೈ ಎರಡು ಸಲ ತಿರುಗಿಸುವ ಸನ್ನೆ. ಬೀಗ ಹಾಕಿದ ಮೇಲೂ ಹಿಂದಿರುಗಿ ಬಂದು ಇನ್ನೊಮ್ಮೆ ಎಳೆದು ನೋಡುವವಳು ಎಂದರ್ಥ.

ಅಂದು ಅಕ್ಕ ಮುಖ ತೊಳೆಯುವಾಗ ಕನ್ನಡಕ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟವಳು ಮತ್ತೆ ಹಾಕಿಕೊಳ್ಳಲೇ ಇಲ್ಲ. ಸಂಜೆಯೆಲ್ಲ ಹಾಗೇ ಕೂತು ಹರಟಿದರು. ಹೊರಟ ಮೇಲೆ ರಸ್ತೆಯ ಆಚೆ ಬದಿಯಿಂದ ಅಕ್ಕ ಕೈಬೀಸಿ, “ಈ ಗುರುವಾರ ಪರೀಕ್ಷೆ. ನೀನು ನನ್ನ ಬದಲು ಹೆದರಿಕೊಂಡು ಜ್ವರ ಬರಿಸಿಕೊಳ್ಳಬೇಡ” ಎಂದಳು. ತಂಗಿ ಬಾಲ್ಕನಿಯಿಂದ, “ಆಗಲೇ ಬಂದಾಯ್ತು” ಎಂದಳು. ಅಕ್ಕ ನಕ್ಕು ಹೊರಟುಹೋದಳು. ಕನ್ನಡಕ ಕಿಟಕಿಯ ಕಟ್ಟೆಯ ಮೇಲೇ ಉಳಿಯಿತು.

ಅಕ್ಕ ಕೆಲಸ ಮಾಡುತ್ತಿದ್ದುದು ಒಂದು ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ವಿಭಾಗದಲ್ಲಿ. ಹದಿನೇಳು ವರ್ಷದ ಸರ್ವಿಸು. ಅಲ್ಲಿಯ ಮೇಲ್ವಿಚಾರಕರು ನಿವೃತ್ತರಾಗುವುದರಲ್ಲಿದ್ದರು. ಆ ಜಾಗಕ್ಕೆ ಬರಬೇಕಾದರೆ ಸೋಂಕಿನ ಬಟ್ಟೆ ನಿಭಾಯಿಸುವ ಕುರಿತ ಎಂಟು ಪಾಠಗಳ ತರಬೇತಿ ಮುಗಿಸಬೇಕು. ಎಂಟನೆಯ ಪಾಠವೇ ಪರೀಕ್ಷೆ: ಮೇಷ್ಟ್ರು ನೇರ ಪ್ರಸಾರದಲ್ಲಿ ಇಪ್ಪತ್ತು ಪ್ರಶ್ನೆ ಕೇಳುತ್ತಾರೆ, ನೋಡುವವರು ಆ ಕ್ಷಣದಲ್ಲೇ ಫೋನಿನಲ್ಲಿ ಉತ್ತರದ ಸಂಖ್ಯೆ ಒತ್ತಬೇಕು. ತರಬೇತಿಯನ್ನು ಪ್ರಸಾರ ಮಾಡುತ್ತಿದ್ದುದು ಏಣಿಯಮ್ಮನ ಕಂಪನಿಯೇ. ಕಿವಿ ಕೇಳಿಸದವರಿಗಾಗಿ ಚಿತ್ರದ ಬಲಮೂಲೆಯ ಪುಟ್ಟ ಚೌಕದಲ್ಲಿ ಸನ್ನೆ ಭಾಷೆಯ ಮೇಡಂ ಒಬ್ಬರು ಎಲ್ಲವನ್ನೂ ಕೈಯಲ್ಲಿ ಹೇಳುತ್ತಿದ್ದರು. ಆ ಚೌಕ ಹಾಕಿಸುವುದಕ್ಕೆ ಮೀಟಿಂಗಿನಲ್ಲಿ ಕೈ ಎತ್ತಿದ್ದವಳೂ ಏಣಿಯಮ್ಮನೇ. ಹಾಗಾಗಿ ಅಕ್ಕನ ಪಾಠ ಸಲೀಸಾಗಿ ನಡೆಯುತ್ತಿದೆ ಎಂದು ಅವಳು ನಂಬಿದ್ದಳು. ಅಕ್ಕನೂ ಹಾಗೇ ಹೇಳುತ್ತಿದ್ದಳು.

ಸೋಮವಾರ ಮಧ್ಯಾಹ್ನ ಊಟದ ಹೊತ್ತಿಗೆ ಕನ್ನಡಕ ಹಿಡಿದುಕೊಂಡು ಅವಳು ಆ ನೆಲಮಾಳಿಗೆಗೆ ಇಳಿದಳು. ಅಲ್ಲಿಗೆ ಹೋದದ್ದು ಅದೇ ಮೊದಲು. ಬಾಗಿಲು ತೆಗೆದದ್ದೇ ತಡ, ಬಿಸಿ ಹಬೆಯೂ ಸದ್ದೂ ಒಟ್ಟಿಗೆ ಮುಖಕ್ಕೆ ಬಡಿದವು. ಒಂದು ಕಡೆ ಆಳೆತ್ತರದ ಆರು ಯಂತ್ರಗಳು ಗಡಗಡನೆ ತಿರುಗುತ್ತಿದ್ದವು. ಇನ್ನೊಂದು ಕಡೆ ಉರುಳೆಗಳ ನಡುವೆ ಹಾಸಿಗೆಯ ಹೊದಿಕೆಗಳು ಒದ್ದೆಯಾಗಿ ಒಳಹೋಗಿ ಹಪ್ಪಳದಂತೆ ಹೊರಬರುತ್ತಿದ್ದವು. ಮಾತಾಡಿದರೆ ಪಕ್ಕದವರಿಗೂ ಕೇಳಿಸದು. ಆದರೆ ಅಲ್ಲಿದ್ದ ಹೆಂಗಸರೆಲ್ಲ ಭರ್ಜರಿಯಾಗಿ ಹರಟುತ್ತಿದ್ದರು, ಕೈಯಲ್ಲಿ! ಹದಿನೇಳು ವರ್ಷದಲ್ಲಿ ಅಕ್ಕ ಇಡೀ ಕೋಣೆಗೆ ತನ್ನ ಭಾಷೆ ಕಲಿಸಿಬಿಟ್ಟಿದ್ದಳು.

ಇಸ್ತ್ರಿ ಉರುಳೆಯ ಬಳಿ ನಿಂತಿದ್ದ ನರೆಕೂದಲಿನ ಹೆಂಗಸು ಇವಳನ್ನು ನೋಡಿ, ಕೀಲಿಕೈ ಎರಡು ಸಲ ತಿರುಗಿಸಿ, ಹುಬ್ಬೆತ್ತಿದಳು. ‘ಅವಳೇನಾ ನೀನು?’

ಏಣಿಯಮ್ಮನಿಗೆ ನಗು ಬಂತು. ತನ್ನ ಹೆಸರು ತನಗಿಂತ ಮೊದಲೇ ಇಲ್ಲಿಗೆ ಬಂದು ಕೂತಿದೆ! ಆ ಹೆಂಗಸನ್ನು ಅಲ್ಲಿ ಎಲ್ಲರೂ ಅತ್ತೆ ಎನ್ನುತ್ತಿದ್ದರು. ಯಾರಿಗೂ ಸಂಬಂಧವಿಲ್ಲ, ಮಡಿಸಿದ ಬಟ್ಟೆಯಲ್ಲೆಲ್ಲ ತಪ್ಪು ಹುಡುಕುವುದರಿಂದ ಬಂದ ಬಿರುದು.

ಮೂಲೆಯ ಮೇಜಿನ ಮೇಲೆ ಸೋಪಿನ ಪುಡಿಯ ಡಬ್ಬಕ್ಕೆ ಒಂದು ಫೋನನ್ನು ಒರಗಿಸಿದ್ದರು. ಅದರ ಮುಂದೆ ಅಕ್ಕ. ಅಕ್ಕನ ಹಿಂದೆ, ಪಕ್ಕದಲ್ಲಿ, ಭುಜದ ಮೇಲಿಂದ ಬಗ್ಗಿಕೊಂಡು, ಊಟದ ಡಬ್ಬಿಗಳನ್ನು ಹಿಡಿದ ಉಳಿದವರು. ಏಳನೇ ಪಾಠ ಶುರುವಾಗಿತ್ತು. ಏಣಿಯಮ್ಮ ಅಕ್ಕನ ಕೈಗೆ ಕನ್ನಡಕ ಕೊಟ್ಟು, ಫೋನಿನ ಕಡೆ ನೋಡಿದಳು.

ಅದು ಅವಳದೇ ಕೊನೆಯ ಮೆಟ್ಟಿಲು. ನೋಡಿದೊಡನೆ ಗುರುತು ಸಿಕ್ಕಿತು, ತಾನೇ ಹೊಲಿದ ಅಂಗಿ ಬೇರೆಯವರ ಮೈಮೇಲೆ ಕಂಡಂತೆ. ನೆಲಮಾಳಿಗೆಗೆ ನೆಟ್‌ವರ್ಕ್ ಹನಿಯುತ್ತಿತ್ತು ಅಷ್ಟೆ. ಆ ಹನಿಯಲ್ಲಿ ಅರ್ಧದಷ್ಟನ್ನು ಧ್ವನಿಗೆ ಎತ್ತಿಡಬೇಕು, ಉಳಿದದ್ದರಲ್ಲಿ ಬೋರ್ಡಿನ ಮೇಲಿನ ಅಕ್ಷರ ಓದುವ ಹಾಗಿರಬೇಕು ಎಂದು ಅವಳು ಸೆಕೆಂಡಿಗೆ ಇಪ್ಪತ್ತೈದು ಬರಬೇಕಾದ ಚಿತ್ರಗಳನ್ನು ಐದಕ್ಕೆ ಇಳಿಸಿದ್ದಳು. ಮಾತು ಕೇಳಿಸಿದರೆ ಪಾಸು. ಮೂಲೆಯ ಚೌಕದಲ್ಲಿ ಮೇಡಂನ ಕೈ ಎದೆಯ ಬಳಿ ಇತ್ತು. ಮರುಕ್ಷಣ ಹಣೆಯ ಬಳಿ. ಮತ್ತೆ ಎಲ್ಲೋ ಸೊಂಟದ ಬಳಿ. ನಡುವೆ ಏನೂ ಇಲ್ಲ. ಅಕ್ಕ ಕತ್ತು ಓರೆ ಮಾಡಿ, ಕಣ್ಣು ಕಿರಿದು ಮಾಡಿ, ಆ ತುಂಡುಗಳನ್ನು ಜೋಡಿಸುತ್ತಿದ್ದಳು. ಮಾತು ಸ್ಪಷ್ಟವಾಗಿ ಬರುತ್ತಿತ್ತೋ ಏನೋ. ಆ ಗಡಗಡದಲ್ಲಿ ಕಿವಿ ಇದ್ದವರಿಗೂ ಅದು ದಂಡ.

“ಇಷ್ಟು ದಿನ ಹೀಗೇ ಬರ್ತಿತ್ತಾ?” ಎಂದು ಅಕ್ಕನನ್ನು ಕೇಳಿದಳು.

“ನನ್ನ ಫೋನು ಹಳೇದು.”

“ಫೋನಿನ ತಪ್ಪಲ್ಲ. ಯಾಕೆ ಹೇಳಲಿಲ್ಲ?”

ಅಕ್ಕ ಕನ್ನಡಕ ಸರಿಪಡಿಸಿಕೊಂಡಳು. “ಹೇಳಿದ್ರೆ ನೀನು ನಿದ್ದೆ ಮಾಡ್ತಿದ್ಯಾ? ಪಾಠ ಆದ್ಮೇಲೆ ಮನೇಲಿ ಅದೇ ವಿಡಿಯೊ ಮತ್ತೆ ನೋಡ್ತೀನಿ. ಮನೇಲಿ ಚೆನ್ನಾಗಿ ಬರುತ್ತೆ.”

“ಪರೀಕ್ಷೆ ಮತ್ತೆ ಬರಲ್ಲವಲ್ಲ ಅಕ್ಕ!”

ಅತ್ತೆ ನಡುವೆ ಬಂದು, ಅಕ್ಕನ ಕಡೆ ಬೆರಳು ತೋರಿಸಿ ಹೇಳಿದಳು, ಕೈಯಲ್ಲಿ, ಸ್ವಲ್ಪ ಒರಟಾಗಿ: “ಇವಳು ಪಾಸಾಗದಿದ್ರೆ ಹೊರಗಿನವರು ಬರ್ತಾರೆ. ಹೊರಗಿನವರಿಗೆ ನಮ್ಮ ಭಾಷೆ ಬರಲ್ಲ. ನಾವು ಗಂಟಲು ಹರಿದುಕೋಬೇಕು.”

“ಆ ಒಂದು ಗಂಟೆ ಮೇಲೆ ಎಲ್ಲಾದ್ರೂ ಹೋಗಿ ನೋಡಬಾರ್ದಾ? ನಾನು ಬೇಕಾದ್ರೆ ಯಾರನ್ನಾದ್ರೂ ಕೇಳ್ತೀನಿ” ಎಂದಳು ತಂಗಿ.

ಅಕ್ಕ ಗೋಡೆಯ ಮೇಲಿನ ಬೋರ್ಡು ತೋರಿಸಿದಳು. ಯಂತ್ರ ಓಡುತ್ತಿರುವಾಗ ಯಾರೂ ಕೋಣೆ ಬಿಟ್ಟು ಹೋಗುವಂತಿಲ್ಲ ಎಂದು ಅದರಲ್ಲಿ ಬರೆದಿತ್ತು. “ಮೇಲ್ವಿಚಾರಕಿ ಆಗೋ ಪರೀಕ್ಷೆಗೆ ಅಂತ ಯಂತ್ರ ಬಿಟ್ಟು ಹೋಗ್ಲಾ? ಚೆನ್ನಾಗಿರುತ್ತೆ!”

ಆಫೀಸಿಗೆ ಹಿಂದಿರುಗುವ ಬಸ್ಸಿನಲ್ಲಿ ಏಣಿಯಮ್ಮ ತನ್ನನ್ನು ತಾನು ಸರಿಯಾಗಿ ತರಾಟೆಗೆ ತೆಗೆದುಕೊಂಡಳು. ಬೇರೆ ಯಾರಾದರೂ ಆ ಸಾಲು ಬರೆದಿದ್ದರೆ ಗೊತ್ತಿಲ್ಲದೆ ಬರೆದರು ಅನ್ನಬಹುದಿತ್ತು. ಹುಟ್ಟಿದಾಗಿನಿಂದ ಅಕ್ಕನ ಕೈ ನೋಡಿಕೊಂಡು ಬೆಳೆದವಳು, ಮಾತಾಡಲು ಕಲಿಯುವ ಮೊದಲೇ ‘ಹಸಿವು’ ಎಂದು ಹೊಟ್ಟೆ ಮುಟ್ಟಿ ತೋರಿಸಿದವಳು, ಲಿಫ್ಟಿನಲ್ಲಿ ನಿಂತು ಕಿವಿಯನ್ನೇ ನಂಬಿ ಮೂರು ವರ್ಷ ಪಾಸು, ಪಾಸು ಎಂದು ಬರೆದಿದ್ದಳು. ಆಫೀಸಿನ ಬಾಗಿಲೊಳಗೆ ಕಾಲಿಟ್ಟ ಕೂಡಲೇ ಅವಳೊಬ್ಬ ಕಿವಿಯವಳಾಗಿಬಿಡುತ್ತಿದ್ದಳೇ? ಗುರುವಾರಕ್ಕೆ ಮೂರು ದಿನ ಉಳಿದಿತ್ತು.

ಅವಳ ಮೇಲಧಿಕಾರಿಗೆ ಆಫೀಸಿನಲ್ಲಿ ಎಷ್ಟು ಸಾರ್ ಎಂದು ಹೆಸರು. ಯಾರು ಏನೇ ಹೇಳಲಿ, ಅವರ ಬಾಯಿಂದ ಬರುವ ಮೊದಲ ಮಾತು ‘ಎಷ್ಟು?’ ಕೆಟ್ಟವರೇನಲ್ಲ. ಮಗಳ ಮದುವೆ ಗೊತ್ತಾಯಿತು ಎಂದು ಯಾರೋ ಖುಷಿಯಲ್ಲಿ ಹೇಳಿದಾಗಲೂ “ಎಷ್ಟು ಜನ?” ಎಂದು ಕೇಳಿದ್ದರು.

ಮಂಗಳವಾರ ಬೆಳಿಗ್ಗೆ ಅವರ ಮೇಜಿನ ಮುಂದೆ ನಿಂತು ಏಣಿಯಮ್ಮ ಎಲ್ಲವನ್ನೂ ಹೇಳಿದಳು. ರಾತ್ರಿ ಚೀಟಿಯಲ್ಲಿ ಬರೆದುಕೊಂಡು ಬಂದಿದ್ದರೂ ಎರಡನೇ ಸಾಲಿಗೇ ತಡವರಿಸಿದಳು.

“ಎಷ್ಟು ಜನಕ್ಕೆ ಹೀಗಾಗಿದೆ?” ಎಂದರು ಎಷ್ಟು ಸಾರ್.

“ನಾನು ನೋಡಿದ್ದು ಏಳು ಜನರನ್ನ ಸಾರ್.”

ಅವರು ಕಂಪ್ಯೂಟರಿನಲ್ಲಿ ತಡಕಾಡಿದರು. “ಆ ಆಸ್ಪತ್ರೆಯಿಂದ ಸನ್ನೆ ಚೌಕ ನೋಡೋದು ಒಂದೇ ಫೋನು. ಒಬ್ಬರು.”

“ಫೋನು ಒಂದು ಸಾರ್. ಅದರ ಮುಂದೆ ತಲೆ ಏಳು. ಸೋಪಿನ ಡಬ್ಬಕ್ಕೆ ಒರಗಿಸಿಕೊಂಡು ನೋಡ್ತಾರೆ.”

ಎಷ್ಟು ಸಾರ್ ಕುರ್ಚಿಯಲ್ಲಿ ಹಿಂದಕ್ಕೆ ಸರಿದರು. ಒಂದು ಫೋನಿಗೆ ಒಂದು ತಲೆ ಎಂದು ಎಣಿಸಿಕೊಂಡೇ ಅವರು ಇಷ್ಟು ವರ್ಷ ವರದಿ ಬರೆದಿದ್ದರು. ಆ ಕ್ಷಣ ಅವರ ಮುಖ ಮಡಿಸಿಟ್ಟ ಬಟ್ಟೆ ಬಿಚ್ಚಿಕೊಂಡಂತೆ ಆಯಿತು. “ಎಲ್ಲಾ ಕಡೆಯೂ ಹೀಗೇನಾ?”

“ಗೊತ್ತಿಲ್ಲ ಸಾರ್. ಅದನ್ನ ನಾವು ಯಾವತ್ತೂ ಕೇಳಿಲ್ಲ.”

“ಈಗ ಏನು ಮಾಡ್ಬೇಕು ಅಂತೀಯಾ?”

“ಇನ್ನೊಂದು ಮೆಟ್ಟಿಲು ಮಾಡ್ತೀನಿ. ಸನ್ನೆ ಬೇಕಾದವರು ಪರದೆ ಮೇಲಿನ ಕೈ ಗುರುತನ್ನ ಒಂದು ಸಲ ಒತ್ತಿದರೆ ಸಾಕು. ನೆಟ್‌ವರ್ಕ್ ಕೆಟ್ಟಾಗ ಅವರಿಗೆ ಮೇಷ್ಟ್ರೂ ಬೇಡ, ಬೋರ್ಡೂ ಬೇಡ. ಮೇಡಂನ ಚೌಕ ಮಾತ್ರ ಪರದೆ ತುಂಬ. ಧ್ವನಿ ಪೂರ್ತಿ ತೆಗೆದುಬಿಡ್ತೀನಿ. ಆ ಜಾಗ ಕೈಗೆ ಸಿಗುತ್ತೆ.”

“ಧ್ವನಿ ತೆಗೀತೀಯಾ!” ಎಷ್ಟು ಸಾರ್ ದನಿ ಏರಿತು. “ಸದ್ದಿಲ್ಲದ ಪ್ರಸಾರ ಅಂದ್ರೆ ಕೆಟ್ಟುಹೋದ ಪ್ರಸಾರ ಅಂತ ನಾನೇ ನಿಮಗೆಲ್ಲ ಹೇಳಿಕೊಟ್ಟಿದ್ದೀನಿ.”

“ಹೌದು ಸಾರ್. ನಾನೂ ಅದನ್ನೇ ನಂಬ್ಕೊಂಡಿದ್ದೆ.” ಅವಳು ಚೀಟಿ ಮಡಿಸಿ ಮುಷ್ಟಿಯಲ್ಲಿಟ್ಟುಕೊಂಡಳು. “ನನ್ನ ಮನೇಲೇ ಅಕ್ಕ ಇಟ್ಕೊಂಡು ನಂಬ್ಕೊಂಡಿದ್ದೆ.”

ಎಷ್ಟು ಸಾರ್ ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಕೊನೆಗೆ, “ನಾಳೆ ಮಧ್ಯಾಹ್ನದೊಳಗೆ ಲಿಫ್ಟಿನಲ್ಲಿ ಪಾಸಾಗಬೇಕು. ಪಾಸು ಅಂತ ನೀನು ಹೇಳೋ ಹಾಗಿಲ್ಲ, ನಾನೂ ಹೇಳೋ ಹಾಗಿಲ್ಲ. ನೋಡಬೇಕಾದವರೇ ಹೇಳ್ಬೇಕು. ಕರ್ಕೊಂಡು ಬಾ ನಿಮ್ಮಕ್ಕನ್ನ” ಎಂದರು.

ಇಡೀ ದಿನ ಕೂತು ಅವಳು ಹೊಸ ಮೆಟ್ಟಿಲು ಕಟ್ಟಿದಳು. ಧ್ವನಿಯಿಂದ ಉಳಿದದ್ದನ್ನೆಲ್ಲ ಚಿತ್ರದ ಸ್ಪಷ್ಟತೆಗೆ ಸುರಿದಳು. ಬೆರಳು ಬೆರಳೂ ಬಿಡಿಬಿಡಿಯಾಗಿ ಕಾಣಬೇಕು, ಉಗುರಿನ ತುದಿ ಕಾಣಬೇಕು. ಸೆಕೆಂಡಿಗೆ ಎಂಟು ಚಿತ್ರ ಸಾಕು ಎಂದುಕೊಂಡಳು. ಸಂಜೆ ಪರದೆಯ ಮೇಲೆ ಮೇಡಂನ ಉಂಗುರದ ಕಲ್ಲು ಕಂಡಾಗ ಅವಳಿಗೆ ತನ್ನ ಬಗ್ಗೆ ಎಂದೂ ಇಲ್ಲದ ಹೆಮ್ಮೆಯಾಯಿತು.

ಬುಧವಾರ ಅಕ್ಕನ ಕೆಲಸ ಹನ್ನೊಂದಕ್ಕೆ ಶುರು. ಒಂಬತ್ತಕ್ಕೇ ಬಂದಳು, ಕೆಲಸದ ನೀಲಿ ಮೇಲಂಗಿ ಹಾಕಿಕೊಂಡೇ. ಸನ್ನೆ ಭಾಷೆಯ ಮೇಡಂ ಕೆಳಗಿನ ಸ್ಟುಡಿಯೊದಲ್ಲಿ ಕ್ಯಾಮೆರಾದ ಮುಂದೆ ನಿಂತರು. ಲಿಫ್ಟಿನೊಳಗೆ ಅಕ್ಕ, ಏಣಿಯಮ್ಮ, ಎಷ್ಟು ಸಾರ್, ಮತ್ತು ವೃದ್ಧಾಶ್ರಮದಿಂದ ತಂದ ಅತಿ ಹಳೆಯ ಫೋನು. ಬಾಗಿಲು ಮುಚ್ಚಿತು. ಎರಡನೇ ಮಹಡಿ ದಾಟಿತು. ಪರದೆ ಒಮ್ಮೆ ಮಿಟುಕಿ, ಮೇಡಂನ ಎರಡು ಕೈ ಪರದೆ ತುಂಬಿ ನಿಂತವು.

ಅಕ್ಕ ನೋಡಿದಳು. ಒಂದು ಸಲ ಮೇಲೆ, ಒಂದು ಸಲ ಕೆಳಗೆ. ಆಮೇಲೆ ಫೋನನ್ನು ತಂಗಿಯ ಕೈಗೆ ಕೊಟ್ಟು, “ಫೋಟೊ ಚೆನ್ನಾಗಿದೆ” ಎಂದಳು.

“ಏನು ಹೇಳಿದ್ರು?”

“ಏನೋ ಹೇಳಿದ್ರು. ಉಂಗುರ ಚೆನ್ನಾಗಿದೆ.”

ಎಷ್ಟು ಸಾರ್‌ಗೆ ಅನುವಾದ ಬೇಕಿರಲಿಲ್ಲ; ಏಣಿಯಮ್ಮನ ಮುಖವೇ ಹೇಳುತ್ತಿತ್ತು. ಅವರು ವಾಚು ನೋಡಿಕೊಂಡರು. ಒಂಬತ್ತೂವರೆ.

ಮೂವರೂ ಹೊರಬಂದು ಕಾರಿಡಾರಿನ ಬೆಂಚಿನ ಮೇಲೆ ಕೂತರು. ಲಿಫ್ಟಿನ ಸೆಖೆಗೆ ಅಕ್ಕನ ಮೂಗಿನ ಮೇಲೆ ಬೆವರೊಡೆದಿತ್ತು. ಕನ್ನಡಕ ತೆಗೆದು ಮೇಲಂಗಿಯ ಅಂಚಿನಲ್ಲಿ ಒರೆಸತೊಡಗಿದಳು. ಏಣಿಯಮ್ಮ ಎದ್ದು ಕಿಟಕಿಯ ತನಕ ಹೋದಳು, ಹಿಂದಿರುಗಿ ನಿಂತಳು, ಅಷ್ಟು ದೂರದಿಂದಲೇ ಕೈಯಲ್ಲಿ ಬಡಬಡಿಸಿದಳು: “ನನ್ನಿಂದ ಆಗಲ್ಲ ಅಕ್ಕ. ನಾನು ಚಪ್ಪಲಿ ಅಂಗಡೀಲೇ ಇರಬೇಕಿತ್ತು.”

“ಇದ್ದಿದ್ರೆ ಅಲ್ಲೂ ಬಲಗಾಲಿಗೆ ಬಲಗಾಲಿನ ಚಪ್ಪಲಿನೇ ಕೊಟ್ನಾ ಅಂತ ಗಿರಾಕಿ ಮನೆ ತನಕ ಹೋಗಿ ನೋಡ್ತಿದ್ದೆ” ಎಂದಳು ಅಕ್ಕ, ಕನ್ನಡಕ ತೊಡೆಯ ಮೇಲಿಟ್ಟು.

ಏಣಿಯಮ್ಮ ನಗಲಿಲ್ಲ. ನಿಂತಲ್ಲೇ ನಿಂತಳು. ಅಕ್ಕನ ಕನ್ನಡಕ ತೊಡೆಯ ಮೇಲಿತ್ತು.

“ಅಕ್ಕ, ಈಗ ನಾನು ಹೇಗೆ ಕಾಣ್ತೀನಿ?”

“ಮಬ್ಬು ಮಬ್ಬಾಗಿ. ಮೂಗು ಎಲ್ಲಿದೆಯೋ ದೇವರಿಗೇ ಗೊತ್ತು.”

“ನನ್ನ ಬೆರಳು?”

“ಕಾಣಲ್ಲ.”

“ಆದ್ರೆ ನಾನು ಹೇಳಿದ್ದು?”

ಅಕ್ಕನಿಗೆ ಇದೆಂಥ ಪೆದ್ದು ಪ್ರಶ್ನೆ ಎನಿಸಿತು. “ಅರ್ಥ ಆಯ್ತಲ್ಲ. ಭಾನುವಾರವೂ ಆಯ್ತು. ಚಿಕ್ಕಂದಿನಿಂದ ಆಗಿದೆ. ಕೈ ಹೋಗೋದು ಕಂಡರೆ ಸಾಕು ಕಣೇ. ಎಲ್ಲಿಂದ ಎಲ್ಲಿಗೆ ಹೋಯ್ತು, ಹೇಗೆ ಹೋಯ್ತು, ಅದರಲ್ಲೇ ಅಲ್ವಾ ಮಾತಿರೋದು? ನೀನು ಒಳ್ಳೊಳ್ಳೆ ಫೋಟೊ ಕೊಟ್ಟು ನಡುವಿನ ದಾರಿನೇ ಕಿತ್ತು ಹಾಕಿದ್ದೀಯಾ.”

ಏಣಿಯಮ್ಮ ತನ್ನ ಮೇಜಿಗೆ ಓಡಿದ ರಭಸಕ್ಕೆ ಎಷ್ಟು ಸಾರ್ ಬೆಂಚಿನಿಂದ ಅರ್ಧ ಎದ್ದು, “ಏನಾಯ್ತು? ಎಷ್ಟು ಹೊತ್ತು?” ಎಂದರು. “ಇಪ್ಪತ್ತು ನಿಮಿಷ ಸಾರ್” ಎಂದು ಅವಳು ತಿರುಗಿ ನೋಡದೆ ಕೂಗಿದಳು.

ಉಂಗುರ ಹೋಯಿತು. ಉಗುರು ಹೋದವು. ಬೆರಳ ಗೆರೆಗಳೆಲ್ಲ ಒಂದರೊಳಗೊಂದು ಕರಗಿ, ಕೈಗಳು ಬಿಸಿನೀರಿನ ಹಬೆಯಾಚೆ ಕಾಣುವ ಕೈಗಳಂತಾದವು. ಆದರೆ ಸೆಕೆಂಡಿಗೆ ಇಪ್ಪತ್ತು ಚಿತ್ರ. ಎದೆಯಿಂದ ಹಣೆಗೆ ಹೋಗುವ ಕೈ ನಡುವಿನ ದಾರಿಯನ್ನೆಲ್ಲ ನಡೆದುಕೊಂಡೇ ಹೋಗುತ್ತಿತ್ತು.

ಮತ್ತೆ ಲಿಫ್ಟು. ಈ ಸಲ ಎಷ್ಟು ಸಾರ್ ಕಟ್ಟುನಿಟ್ಟಾಗಿ, “ಮೇಡಂ ಏನು ಹೇಳ್ತಾರೆ ಅನ್ನೋದು ನಮಗ್ಯಾರಿಗೂ ಮೊದಲೇ ಗೊತ್ತಿರಬಾರದು. ಏನು ಬೇಕಾದ್ರೂ ಹೇಳ್ಲಿ. ನಿಮ್ಮಕ್ಕ ಅದನ್ನ ಕಾಗದದ ಮೇಲೆ ಬರೀಲಿ” ಎಂದು ಕಾಗದ, ಪೆನ್ನು ಕೊಟ್ಟರು. ಏಣಿಯಮ್ಮ ಪರದೆಯ ಕಡೆ ನೋಡದಂತೆ ಅವಳನ್ನು ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿದರು. ಬಾಗಿಲು ಮುಚ್ಚಿತು.

ಎರಡನೇ ಮಹಡಿ ದಾಟಿತು. ಗೋಡೆ ನೋಡುತ್ತ ನಿಂತವಳಿಗೆ ಲಿಫ್ಟಿನ ಹಗ್ಗದ ಕಿರುಗುಟ್ಟುವಿಕೆ ಮಾತ್ರ ಕೇಳಿಸುತ್ತಿತ್ತು. ಮೂರು, ನಾಲ್ಕು. ಬೆನ್ನ ಹಿಂದೆ ಸಣ್ಣದೊಂದು ಸದ್ದು. ಅಕ್ಕ ನಗುತ್ತಿದ್ದಳು. ಮೂಗಿನಿಂದ ಶುರುವಾಗಿ ಹೊಟ್ಟೆಯ ತನಕ ಇಳಿಯುವ, ಕೆಳಗಿನ ಮನೆಯವರನ್ನು ಮೇಲೆ ಕರೆತರುವ ಆ ನಗು. ಪೆನ್ನು ಗೀಚಿದ ಸದ್ದಾಯಿತು. ಆಮೇಲೆ ಎಷ್ಟು ಸಾರ್ ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು.

ಏಣಿಯಮ್ಮ ತಿರುಗಿದಳು. ಕಾಗದದಲ್ಲಿ ಹೀಗಿತ್ತು: ‘ನಿಮ್ಮ ಸಾಹೇಬರು ಬೆಳಿಗ್ಗೆಯಿಂದ ಅಂಗಿಯ ಗುಂಡಿ ಒಂದು ತೂತು ಮೇಲಕ್ಕೆ ಹಾಕಿಕೊಂಡು ಓಡಾಡುತ್ತಿದ್ದಾರೆ. ಯಾರೂ ಹೇಳುತ್ತಿಲ್ಲ. ಪಾಪ.’

ಎಷ್ಟು ಸಾರ್ ತಲೆ ತಗ್ಗಿಸಿ ತಮ್ಮ ಹೊಟ್ಟೆಯ ಮೇಲಿನ ಸಾಲನ್ನು ನೋಡಿಕೊಂಡರು. ಒಂದೊಂದೇ ಗುಂಡಿ ಬಿಚ್ಚಿ ಸರಿಯಾದ ತೂತಿಗೆ ಹಾಕಿಕೊಳ್ಳುವಷ್ಟರಲ್ಲಿ ಲಿಫ್ಟು ನೆಲ ಮುಟ್ಟಿತ್ತು. “ಪಾಸು” ಎಂದರು. ಸ್ವಲ್ಪ ತಡೆದು, “ಎಷ್ಟು ಜನ ನೋಡಿರಬಹುದು?” ಎಂದೂ ಕೇಳಿದರು.

ಗುರುವಾರ ಮಧ್ಯಾಹ್ನ ಒಂದು ಗಂಟೆಗೆ ಏಣಿಯಮ್ಮ ಊಟದ ಡಬ್ಬಿ ತೆರೆಯದೆ ಕಂಪ್ಯೂಟರಿನ ಮುಂದೆ ಕೂತಿದ್ದಳು. ಅಕ್ಕ ಏನು ಉತ್ತರ ಒತ್ತುತ್ತಾಳೆ ಎಂಬುದು ಅವಳಿಗೆ ಕಾಣುವಂತಿರಲಿಲ್ಲ. ಕಾಣುತ್ತಿದ್ದುದು ಒಂದು ಹಸಿರು ಚುಕ್ಕೆ ಮಾತ್ರ. ಹೊಸ ಮೆಟ್ಟಿಲಿನ ಮೇಲೆ ನಿಂತಿದ್ದ ಒಂದೇ ಒಂದು ಫೋನು. ಮೊದಲ ಪ್ರಶ್ನೆ. ಚುಕ್ಕೆ ಅಲುಗಲಿಲ್ಲ. ಎರಡು, ಮೂರು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡವಳಂತೆ ಅದನ್ನೇ ನೋಡುತ್ತಿದ್ದಳು. ಹನ್ನೊಂದನೇ ಪ್ರಶ್ನೆಯ ಹೊತ್ತಿಗೆ ಚುಕ್ಕೆ ಹಳದಿಯಾಯಿತು, ಪ್ರಸಾರ ತಡವರಿಸುತ್ತಿದೆ ಎಂದರ್ಥ. ಅವಳ ಕೈ ಬಾಯಿಗೆ ಹೋಯಿತು. ಆರು ಸೆಕೆಂಡು. ಆಸ್ಪತ್ರೆಯ ಯಾವ ಕಬ್ಬಿಣದ ಗಾಡಿ ಆ ಫೋನಿಗೆ ಅಡ್ಡ ಬಂತೋ! ಮತ್ತೆ ಹಸಿರು. ಬೆನ್ನ ಹಿಂದೆ ಯಾರೋ ಉಸಿರು ಬಿಟ್ಟರು. ನೋಡಿದರೆ ಎಷ್ಟು ಸಾರ್, ಟೀ ಲೋಟ ಹಿಡಿದು ನಿಂತಿದ್ದರು. ಟೀ ಆರಿ ಕೆನೆಗಟ್ಟಿತ್ತು.

ಎರಡು ಗಂಟೆಗೆ ಐದು ನಿಮಿಷವಿರುವಾಗ ಪ್ರಸಾರ ಮುಗಿಯಿತು. ಎರಡು ಗಂಟೆ ಹತ್ತು ನಿಮಿಷಕ್ಕೆ ಅವಳ ಫೋನು ನಡುಗಿತು. ಬೇರೊಬ್ಬರ ಫೋನಿನಿಂದ ಅಕ್ಕ ಕಳಿಸಿದ ವಿಡಿಯೊ. ಹಬೆಯ ನಡುವೆ ಏಳು ಜನ ಒತ್ತೊತ್ತಾಗಿ ನಿಂತಿದ್ದರು. ಒಬ್ಬಾಕೆ ಫಲಿತಾಂಶದ ಪರದೆಯನ್ನು ಕ್ಯಾಮೆರಾದ ಹತ್ತಿರ ಹಿಡಿದಿದ್ದಳು: ಇಪ್ಪತ್ತಕ್ಕೆ ಹತ್ತೊಂಬತ್ತು. ಅಕ್ಕನ ಮುಖದಲ್ಲಿ ಸಿಟ್ಟಿತ್ತು. ಅದು ಸುಳ್ಳು ಸಿಟ್ಟು ಎಂದು ತಂಗಿಗೆ ಮೊದಲ ನೋಟಕ್ಕೇ ತಿಳಿಯಿತು.

“ಒಂದು ತಪ್ಪಾದದ್ದು ನಿನ್ನ ನೆಟ್‌ವರ್ಕಿಂದ ಅಲ್ಲ, ಹೆದರ್ಕೋಬೇಡ” ಎಂದಳು ಅಕ್ಕ. “ಹದಿನೈದನೇ ಪ್ರಶ್ನೆಗೆ ಅತ್ತೆ ತಲೆ ಅಡ್ಡ ಬಂತು.”

ಹಿಂದಿನಿಂದ ಅತ್ತೆ ಎರಡೂ ಕೈ ಎತ್ತಿ ಏನೋ ವಾದ ಮಾಡಿದಳು. ಉಳಿದವರೆಲ್ಲ ಅವಳ ಮೇಲೆ ಮುಗಿಬಿದ್ದರು. ಹದಿನಾಲ್ಕು ಕೈಗಳು ಒಟ್ಟಿಗೆ ಮಾತಾಡತೊಡಗಿದ್ದರಿಂದ ಏಣಿಯಮ್ಮನಿಗೆ ಅರ್ಧ ತಿಳಿಯಲಿಲ್ಲ. ಕೊನೆಗೆ ಅಕ್ಕ ಎಲ್ಲರನ್ನೂ ಪಕ್ಕಕ್ಕೆ ತಳ್ಳಿ ಮುಂದೆ ಬಂದು, ಗಾಳಿಯಲ್ಲಿ ಕೀಲಿಕೈ ಎರಡು ಸಲ ತಿರುಗಿಸಿ, ಎದೆ ಮುಟ್ಟಿಕೊಂಡಳು. ವಿಡಿಯೊ ಅಲ್ಲಿಗೆ ನಿಂತಿತು.

“ಎಷ್ಟು?” ಎಂದರು ಎಷ್ಟು ಸಾರ್.

“ಹತ್ತೊಂಬತ್ತು ಸಾರ್.”

“ಅದಲ್ಲ. ನೋಡಿದವರು ಎಷ್ಟು?”

“ಏಳು” ಎಂದಳು. ಅವರು ಮೇಜಿನ ಮೇಲಿದ್ದ ವರದಿಯ ಹಾಳೆಯಲ್ಲಿ ಅಚ್ಚಾಗಿದ್ದ ‘ಒಂದು’ ಎಂಬುದನ್ನು ಹೊಡೆದುಹಾಕಿ ‘ಏಳು’ ಎಂದು ಬರೆದರು, ಕೆಳಗೆ ಸಹಿಯನ್ನೂ ಹಾಕಿದರು.

ಏಣಿಯಮ್ಮ ಆರಿದ ಊಟವನ್ನು ಹೊಟ್ಟೆ ತುಂಬ ಉಂಡಳು. ಆಮೇಲೆ ಪರೀಕ್ಷೆಯ ಪಟ್ಟಿ ತೆಗೆದು, ಕೊನೆಯ ಮೆಟ್ಟಿಲಿನ ಮುಂದಿದ್ದ ತನ್ನದೇ ಸಾಲಿನ ಮೇಲೆ ಗೀಟು ಎಳೆದಳು. ‘ಹೇಳಿದ್ದು ತಿಳಿದರೆ ಪಾಸು’ ಎಂದು ಬರೆದಳು. ಸ್ವಲ್ಪ ಹೊತ್ತು ಪೆನ್ನು ಕಚ್ಚಿಕೊಂಡು ಕೂತು, ‘ನೋಡಬೇಕಾದವರನ್ನೇ ಕೇಳುವುದು’ ಎಂದು ಸೇರಿಸಿದಳು. ಅಕ್ಷರ ವಕ್ರವಾಯಿತೆನಿಸಿ ಇನ್ನೊಂದು ಹಾಳೆಯ ಮೇಲೆ ಮತ್ತೆ ಬರೆದಳು.

ಹಳೇ ಫೋನನ್ನು ವೃದ್ಧಾಶ್ರಮದೊಳಗಿಟ್ಟು ಬೀಗ ಹಾಕಿದಳು. ಒಂದು ಸಲ ಎಳೆದು ನೋಡಿದಳು, ಭದ್ರವಾಗಿತ್ತು. ಇವತ್ತು ಇಷ್ಟೇ ಸಾಕು ಎಂದು ತನಗೆ ತಾನೇ ಹೇಳಿಕೊಂಡು, ಚೀಲ ಹೆಗಲಿಗೇರಿಸಿ, ಮೆಟ್ಟಿಲ ತನಕ ನಡೆದಳು. ಅಲ್ಲಿಂದ ನಗುತ್ತಲೇ ಹಿಂದಿರುಗಿ ಬಂದು, ಇನ್ನೊಂದು ಸಲ ಎಳೆದು ನೋಡಿದಳು.